ಸರಿಯೇ ಎಂದು ಮೂಲೆಮಟ್ಟವನ್ನು ಕೇಳಿ
8ನೇ ತರಗತಿಯಲ್ಲಿ ಕೈ ಉಪಕರಣಗಳಿಂದ ಪುಸ್ತಕದ ಕಪಾಟು ಕಟ್ಟಿದ ಒಂದು ಬೋಧನಾ ಘಟಕ

ಹಿನ್ನೆಲೆ

ಕಾರ್ಯಾನುಭವದ ಅವಧಿ ಎಂದರೆ ನಮ್ಮ ಬೋಧನಾಭ್ಯಾಸದಲ್ಲಿ ಸಾಮಾನ್ಯವಾಗಿ ಬಣ್ಣದ ಕಾಗದ, ರಟ್ಟು, ಗೋಂದು. ಒಂದೇ ಅವಧಿಯಲ್ಲಿ ಮುಗಿಯುತ್ತದೆ, ಗೋಡೆಗೆ ಅಂಟಿಸಿದರೆ ಚೆನ್ನಾಗಿಯೂ ಕಾಣುತ್ತದೆ. ಆದರೆ ಹಾಗೆ ಮಾಡಿದ ವಸ್ತುವನ್ನು ಯಾರೂ ಬಳಸುವುದಿಲ್ಲ. ಬಳಸದ ವಸ್ತುವಿನಲ್ಲಿ ಅಳತೆ ಎರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಯಾರಿಗೂ ತಿಳಿಯುವುದಿಲ್ಲ. ಮಾಡಿದ ಮಗುವಿಗೂ ತಿಳಿಯುವುದಿಲ್ಲ.

ನನಗೆ ಬೋಧನಾಭ್ಯಾಸಕ್ಕೆ ಸಿಕ್ಕಿದ್ದು ಮಲೆನಾಡಿನ ಸೆರಗಿನಲ್ಲಿರುವ ಒಂದು ಪ್ರೌಢಶಾಲೆ. ನನ್ನ ಬೋಧನಾ ವಿಷಯ ಗಣಿತ. 8ನೇ ತರಗತಿಯಲ್ಲಿ 36 ಮಕ್ಕಳು. ಶಾಲೆಯಲ್ಲಿ ಕಥೆಪುಸ್ತಕಗಳಿದ್ದವು, ಆದರೆ ಅವು ಕಚೇರಿಯ ಕಬ್ಬಿಣದ ಬೀರುವಿನೊಳಗಿದ್ದವು. ಬೀರುವಿನ ಬೀಗ ತೆಗೆಸಬೇಕಾದರೆ ಮಕ್ಕಳು ಮೊದಲು ಒಬ್ಬ ಶಿಕ್ಷಕರನ್ನು ಹುಡುಕಬೇಕಿತ್ತು. ತರಗತಿಯ ಮೂಲೆಯಲ್ಲಿ, ಕೈಗೆ ಎಟಕುವ ಎತ್ತರದಲ್ಲಿ ಒಂದು ತೆರೆದ ಕಪಾಟು ಇದ್ದರೆ ಪುಸ್ತಕಗಳನ್ನು ಅಲ್ಲಿಗೆ ಕೊಡಲು ಮುಖ್ಯ ಶಿಕ್ಷಕರು ಒಪ್ಪಿದರು. ಹೀಗಾಗಿ ಕಪಾಟು ಪ್ರದರ್ಶನದ ವಸ್ತುವಾಗಿ ಉಳಿಯಲಿಲ್ಲ. ಅದು ನಿಂತರೆ ಪುಸ್ತಕ ಹೊರಗೆ ಬರುತ್ತದೆ, ನಿಲ್ಲದಿದ್ದರೆ ಬರುವುದಿಲ್ಲ. ಇದು ಮಕ್ಕಳಿಗೆ ಮೊದಲ ದಿನವೇ ಗೊತ್ತಿತ್ತು.

ಕೈಕಸುಬಿನ ಮೂಲಕ ಕಲಿಸುವುದು ಹೊಸ ಮಾತಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಇದನ್ನೇ ಮುಂದಿಟ್ಟರು. ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. ಅದಕ್ಕೂ ಮೊದಲೇ ಸ್ವೀಡನ್ನಿನ ನಾಸ್ ಎಂಬಲ್ಲಿ ಓಟ್ಟೊ ಸಾಲೊಮನ್ ಶಿಕ್ಷಕರಿಗೆ ಮರಗೆಲಸದ ಮೂಲಕ ಕಲಿಸುವ ತರಬೇತಿ ಕೊಡುತ್ತಿದ್ದರು. ಅಲ್ಲಿ ಮಕ್ಕಳು ಮಾಡುತ್ತಿದ್ದುದು ಮನೆಯಲ್ಲಿ ಬಳಕೆಗೆ ಬರುವ ವಸ್ತುಗಳನ್ನು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಕೆಲಸವನ್ನು ಕಲಿಕೆಯ ಭಾಗವಾಗಿ ನೋಡಬೇಕೆಂದು ಹೇಳುತ್ತದೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಅದರೊಳಗಿನ ಒಂದು ಸಣ್ಣ ಸಂಗತಿ: ಕೆಲಸ ಸರಿಯಾಗಿದೆಯೇ ಎಂದು ಮಗು ಯಾರನ್ನು ಕೇಳುತ್ತದೆ ಎಂಬುದು.

ಘಟಕದ ಉದ್ದೇಶಗಳು

1. ಅಳತೆ, ಪರಿಮಾಣ, ಚತುರ್ಭುಜದ ಗುಣಗಳನ್ನು ನಿಜವಾದ ವಸ್ತುವಿನಲ್ಲಿ ಬಳಸುವುದು.
2. ಗರಗಸ, ಉಜ್ಜುಗೊರಡು, ಉಳಿ, ಮೂಲೆಮಟ್ಟಗಳನ್ನು ಸುರಕ್ಷಿತವಾಗಿ ಹಿಡಿದು ಕೆಲಸ ಮಾಡುವುದು.
3. ಪ್ರತಿ ಹಂತದಲ್ಲೂ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿಕೊಳ್ಳುವುದು.
4. ಹುಡುಗ ಹುಡುಗಿ ಎಂಬ ಭೇದವಿಲ್ಲದೆ ಎಲ್ಲರೂ ಎಲ್ಲ ಉಪಕರಣಗಳನ್ನು ಬಳಸುವುದು.

ಒಟ್ಟು 10 ಅವಧಿಗಳು ಮತ್ತು ಎರಡು ಶನಿವಾರಗಳ ಅರ್ಧ ದಿನ ಬೇಕಾಯಿತು. ನನ್ನೊಂದಿಗೆ ಮಾರ್ಗದರ್ಶಕ ಶಿಕ್ಷಕರೂ ಊರಿನ ಬಡಗಿಯೊಬ್ಬರೂ ಇದ್ದರು. ಮಕ್ಕಳು ಅವರನ್ನು ಆಚಾರ್ರು ಎಂದೇ ಕರೆಯುತ್ತಿದ್ದರು. ಕೈ ಉಪಕರಣಗಳಲ್ಲಿ ಹೆಚ್ಚಿನವು ಅವರವೇ.

ನಕ್ಷೆ: ಪುಸ್ತಕದಿಂದ ಆರಂಭ

ಕಪಾಟಿನ ಅಳತೆಯನ್ನು ನಾನು ಕಪ್ಪುಹಲಗೆಯ ಮೇಲೆ ಬರೆದು ಕೊಡಲಿಲ್ಲ. ಬೀರುವಿನಿಂದ ತಂದ ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟು, ಎತ್ತರದ ಪ್ರಕಾರ ಗುಂಪು ಮಾಡಲು ಹೇಳಿದೆ. ದೊಡ್ಡ ಚಿತ್ರಪುಸ್ತಕಗಳು ಎ4 ಕಾಗದದಷ್ಟು, ಅಂದರೆ 29.7 ಸೆಂ.ಮೀ. ಇದ್ದವು. ಕಥೆ ಕಾದಂಬರಿಗಳು ಸುಮಾರು 22 ಸೆಂ.ಮೀ. ಪುಸ್ತಕ ತೆಗೆಯಲು ಮೇಲೆ ಬೆರಳು ಹೋಗುವಷ್ಟು ಜಾಗ ಬೇಕು. ಹೀಗಾಗಿ ಕೆಳಗಿನ ಖಾನೆಗೆ 32 ಸೆಂ.ಮೀ., ಮೇಲಿನ ಎರಡು ಖಾನೆಗಳಿಗೆ 26 ಸೆಂ.ಮೀ. ಎಂದು ಮಕ್ಕಳೇ ನಿರ್ಧರಿಸಿದರು. ಮಳೆಗಾಲದ ತೇವ ತಾಗಬಾರದು, ಪೊರಕೆಯೂ ಆಡಬೇಕು ಎಂದು ಕೆಳಗಿನ ಅಡ್ಡಹಲಗೆ ನೆಲದಿಂದ 6 ಸೆಂ.ಮೀ. ಮೇಲಿರಲಿ ಎಂದಾಯಿತು.

ಅಡ್ಡಹಲಗೆಗಳ ದಪ್ಪ ತಲಾ 2 ಸೆಂ.ಮೀ. ಪಕ್ಕದ ಹಲಗೆಗಳ ಎತ್ತರ 100 ಸೆಂ.ಮೀ. ನೆಲದಿಂದ ಗುರುತುಗಳು ಹೀಗೆ ಬಂದವು: 6ರಿಂದ 8, 40ರಿಂದ 42, 68ರಿಂದ 70, 96ರಿಂದ 98. ಪಕ್ಕದ ಹಲಗೆ ಎರಡೂ ಕಡೆ ಇನ್ನು 2 ಸೆಂ.ಮೀ. ಮೇಲೆದ್ದಿರುತ್ತದೆ.

ಅಗಲ ಎಷ್ಟು? 'ಉದ್ದ ಇದ್ದಷ್ಟೂ ಒಳ್ಳೇದಲ್ವಾ ಮಿಸ್, ಜಾಸ್ತಿ ಪುಸ್ತಕ ಹಿಡಿಯುತ್ತೆ' ಎಂದು ಹಲವರು. ಇದಕ್ಕೆ ಒಂದು ಮರದ ಮೀಟರ್ ಪಟ್ಟಿ ಸಾಕು. ಎರಡು ಇಟ್ಟಿಗೆಗಳ ಮೇಲೆ ಪಟ್ಟಿಯನ್ನು ಇಟ್ಟು, ಇಟ್ಟಿಗೆಗಳ ಅಂತರ ಮೊದಲು 40 ಸೆಂ.ಮೀ., ಆಮೇಲೆ 80 ಸೆಂ.ಮೀ. ಮಾಡಿ, ನಡುವೆ ಅದೇ ಪುಸ್ತಕವನ್ನು ಇಡಿಸಿದೆ. ಎರಡನೆಯ ಸಲ ಪಟ್ಟಿ ಎದ್ದುಕಾಣುವಂತೆ ಬಾಗಿತು. ಅಂತರ ಎರಡು ಪಟ್ಟಾದರೆ ಅದೇ ಪುಸ್ತಕಕ್ಕೆ ಬಾಗು ಎಂಟು ಪಟ್ಟಾಗುತ್ತದೆ. ಉದ್ದಕ್ಕೂ ಪುಸ್ತಕ ತುಂಬಿದರೆ ಹದಿನಾರು ಪಟ್ಟು. ಚರ್ಚೆಯ ನಂತರ ಒಳಗಿನ ಅಗಲ 70 ಸೆಂ.ಮೀ. ಎಂದು ನಿಂತಿತು.

ಒಂದು ಲೆಕ್ಕ, ಮೂರು ಉತ್ತರ

ಅಡ್ಡಹಲಗೆಯ ತುದಿ ಪಕ್ಕದ ಹಲಗೆಯಲ್ಲಿ ಕೆತ್ತಿದ ಕಚ್ಚಿನೊಳಗೆ ಕೂರುತ್ತದೆ. ಬರೀ ಮೊಳೆ ಹೊಡೆದರೆ ಪುಸ್ತಕದ ಭಾರವೆಲ್ಲ ಮೊಳೆಯ ಮೇಲೆ. ಕಚ್ಚು ಇದ್ದರೆ ಭಾರ ಮರದ ಮೇಲೆ. ಕಚ್ಚಿನ ಆಳ ದಪ್ಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾಗದಿರಲಿ ಎಂದರು ಆಚಾರ್ರು. 2 ಸೆಂ.ಮೀ. ದಪ್ಪಕ್ಕೆ 6 ಮಿ.ಮೀ. ಎಂದುಕೊಂಡೆವು.

ಈಗ ಪ್ರಶ್ನೆ: ಒಳ ಅಗಲ 70 ಸೆಂ.ಮೀ. ಇರಬೇಕಾದರೆ ಅಡ್ಡಹಲಗೆಯ ಉದ್ದ ಎಷ್ಟು? ತರಗತಿಯಲ್ಲಿ ಮೂರು ಉತ್ತರ ಬಂದವು. ಕೆಲವರು 70, ಕೆಲವರು 74, ಕೆಲವರು 71.2. ಯಾವುದು ಸರಿ ಎಂದು ನಾನು ಹೇಳಲಿಲ್ಲ. ರಟ್ಟಿನಲ್ಲಿ ಚಿಕ್ಕ ಮಾದರಿ ಕತ್ತರಿಸಿ ಕೂರಿಸಿ ನೋಡಲು ಪ್ರತಿ ಗುಂಪಿಗೂ ಹತ್ತು ನಿಮಿಷ ಕೊಟ್ಟೆ. 70 ಎಂದವರ ಹಲಗೆ ಕಚ್ಚಿನೊಳಗೆ ಹೋಗಲೇ ಇಲ್ಲ; 74 ಎಂದವರದು ಕಚ್ಚನ್ನೂ ದಾಟಿ ಹೊರಮೈಗೆ ಬಂತು. 70 + 0.6 + 0.6 = 71.2 ಎಂಬುದನ್ನು ಕಪ್ಪುಹಲಗೆಗೆ ಬಂದು ಬರೆದವರು ಮೊದಲು 74 ಎಂದಿದ್ದ ಗುಂಪಿನವರು.

ಮರ ಕೊಳ್ಳುವ ಲೆಕ್ಕವೂ ಒಂದು ಒಳ್ಳೆಯ ಪಾಠ. ನಮ್ಮ ಕಡೆ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ, ಉಳಿಗೂ ಗರಗಸಕ್ಕೂ ಮೆತ್ತಗೆ. ಸಾಮಿಲ್ಲಿನಲ್ಲಿ ಮರ ಮಾರುವುದು ಘನ ಅಡಿಯ ಲೆಕ್ಕದಲ್ಲಿ: ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಬೇಕು. 144 ಯಾಕೆ ಎಂದು ಕೇಳಿದಾಗ, ಒಂದು ಚದರ ಅಡಿಗೆ 12 × 12 ಚದರ ಇಂಚು ಎಂದು ಮಕ್ಕಳು ತಾವೇ ಬಿಡಿಸಿದರು.

ನಮಗೆ ಬೇಕಾದ ಒಟ್ಟು ಉದ್ದ: ಎರಡು ಪಕ್ಕದ ಹಲಗೆಗೆ 200 ಸೆಂ.ಮೀ., ನಾಲ್ಕು ಅಡ್ಡಹಲಗೆಗೆ 284.8 ಸೆಂ.ಮೀ., ಒಟ್ಟು 484.8 ಸೆಂ.ಮೀ. 9 ಇಂಚು ಅಗಲ, 1 ಇಂಚು ದಪ್ಪದ 8 ಅಡಿಯ ಎರಡು ಹಲಗೆ ತಂದರೆ 487.68 ಸೆಂ.ಮೀ. ಸಿಗುತ್ತದೆ. ಪ್ರತಿ ಹಲಗೆಯಿಂದ ಒಂದು ಪಕ್ಕ, ಎರಡು ಅಡ್ಡ ಎಂದರೆ 242.4 ಸೆಂ.ಮೀ. ಲೆಕ್ಕ ಸರಿಹೋಯಿತು, ಪ್ರತಿ ಹಲಗೆಯಲ್ಲಿ 1.44 ಸೆಂ.ಮೀ. ಉಳಿಯಿತು! ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಆಚಾರ್ರು ಒಂದು ಹಳೆಯ ಹಲಗೆಯ ತುದಿ ತೋರಿಸಿದರು. ಒಣಗುವಾಗ ಹಲಗೆಯ ತುದಿ ಸೀಳುತ್ತದೆ. ಸೀಳಿದ ಭಾಗವನ್ನು ಕತ್ತರಿಸಿ ಬಿಡಬೇಕು. ಗರಗಸವೂ ಪ್ರತಿ ಸಲ ಹೆಚ್ಚುಕಡಿಮೆ 2 ಮಿ.ಮೀ. ಮರವನ್ನು ಪುಡಿ ಮಾಡುತ್ತದೆ. 'ಗರಗಸಕ್ಕೂ ಊಟ ಹಾಕ್ಬೇಕಲ್ವಾ' ಎಂದರು ಅವರು.

ಹಾಗಾಗಿ 6 ಅಡಿಯ ಮೂರು ಹಲಗೆ ತಂದೆವು. ಒಂದೊಂದು 182.88 ಸೆಂ.ಮೀ. ಎರಡರಲ್ಲಿ ತಲಾ ಒಂದು ಪಕ್ಕ ಮತ್ತು ಒಂದು ಅಡ್ಡ (171.2), ಮೂರನೆಯದರಲ್ಲಿ ಎರಡು ಅಡ್ಡ (142.4). ಪರಿಮಾಣ 1 ಘನ ಅಡಿಯ ಬದಲು 1.125 ಘನ ಅಡಿ. ಈ ಹೆಚ್ಚುವರಿ 0.125 ಯಾತಕ್ಕೆ ಎಂದು ಪ್ರತಿ ಮಗುವೂ ವಿವರಿಸಬಲ್ಲದಾಗಿತ್ತು. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಗರಗಸಕ್ಕೆ ದಪ್ಪವಿರುವುದಿಲ್ಲ.

ಗುಂಪು ಮಾಡುವಾಗ ಗಮನಿಸಿದ್ದು

ಕಪಾಟಿಗೆ ಆರು ಹಲಗೆ, ತರಗತಿಗೆ ಆರು ಗುಂಪು, ಗುಂಪಿಗೆ ಆರು ಮಕ್ಕಳು. ಒಂದು ಗುಂಪಿಗೆ ಒಂದು ಹಲಗೆಯ ಹೊಣೆ. ಗುಂಪಿನೊಳಗೆ ಕೆಲಸ ಹಂಚುವುದನ್ನು ಮಕ್ಕಳಿಗೆ ಬಿಟ್ಟರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು: ಹುಡುಗರ ಕೈಗೆ ಗರಗಸ, ಹುಡುಗಿಯರ ಕೈಗೆ ಉಜ್ಜುಕಾಗದ ಮತ್ತು ಪೊರಕೆ. ಆದ್ದರಿಂದ ಪ್ರತಿ ಉಪಕರಣದ ಮುಂದೆ ಹೆಸರಿನ ಪಟ್ಟಿ ಇಟ್ಟು, ಎಲ್ಲರೂ ಸಹಿ ಹಾಕುವ ತನಕ ಆ ಉಪಕರಣ ಮುಂದಿನ ಹಂತಕ್ಕೆ ಹೋಗುವಂತಿಲ್ಲ ಎಂಬ ನಿಯಮ ಮಾಡಿದೆ. ಪೊರಕೆಗೂ ಒಂದು ಪಟ್ಟಿ ಇತ್ತು.

ತರಗತಿಯಲ್ಲಿ ಮರಗೆಲಸದ ಮನೆಯಿಂದ ಬಂದ ಒಬ್ಬ ಹುಡುಗನಿದ್ದ. ಅವನನ್ನೇ ಮುಂದೆ ನಿಲ್ಲಿಸಿ ಎಲ್ಲರಿಗೂ ತೋರಿಸಿಕೊಡು ಎನ್ನುವುದು ಸುಲಭ, ಪ್ರೋತ್ಸಾಹದಂತೆಯೂ ಕಾಣುತ್ತದೆ. ಆದರೆ 'ಇದು ಅವರ ಕಸುಬು, ಅವರಿಗೇ ಬರುತ್ತದೆ' ಎಂಬ ಮಾತನ್ನು ಶಾಲೆಯೇ ಹೇಳಿದಂತಾಗುತ್ತದೆ. ಅವನು ಉಳಿದವರಂತೆ ತನ್ನ ಗುಂಪಿನಲ್ಲಿ ಸರದಿಯ ಪ್ರಕಾರ ಕೆಲಸ ಮಾಡಿದ. ಅವನ ಹೆಚ್ಚಿನ ತಿಳಿವಳಿಕೆ ಬೇಕಾದಾಗ ಮಕ್ಕಳೇ ಅವನ ಬಳಿ ಹೋದರು. ಲೆಕ್ಕ ಬೇಕಾದಾಗ ಅವನು ಇನ್ನೊಬ್ಬರ ಬಳಿ ಹೋದ.

ಸುರಕ್ಷತೆಗೆ ನಾಲ್ಕೇ ನಿಯಮ, ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿದ್ದೆ. ಹಲಗೆಯನ್ನು ಕ್ಲಾಂಪ್ ಹಾಕಿ ಬಿಗಿಯದೆ ಕೆಲಸವಿಲ್ಲ. ಉಳಿಯ ಬಾಯಿಯ ಮುಂದೆ ಯಾರ ಕೈಯೂ ಇರಬಾರದು, ಎರಡೂ ಕೈ ಉಳಿಯ ಹಿಂದೆ. ಉಪಕರಣ ಕೊಡುವಾಗ ಹಿಡಿ ಪಡೆಯುವವರ ಕಡೆಗೆ. ವೇಲು, ಜಡೆ, ಸಡಿಲ ತೋಳು ಕಟ್ಟಿಕೊಂಡಿರಬೇಕು. ಉಳಿ ಕೆಲಸ ಒಂದು ಸಲಕ್ಕೆ ಎರಡೇ ಮೇಜಿನಲ್ಲಿ; ಒಂದರ ಬಳಿ ನಾನು, ಇನ್ನೊಂದರ ಬಳಿ ಆಚಾರ್ರು. ಉಳಿದ ಗುಂಪುಗಳಿಗೆ ಆ ಹೊತ್ತಿನಲ್ಲಿ ಮಾರ್ಗದರ್ಶಕ ಶಿಕ್ಷಕರ ಬಳಿ ಲೆಕ್ಕ ಅಥವಾ ಉಜ್ಜುವ ಕೆಲಸ. ಮೊಂಡು ಉಳಿ ಕೊಡಬಾರದು. ಅದಕ್ಕೆ ಹೆಚ್ಚು ಬಲ ಬೇಕು, ಬಲ ಹೆಚ್ಚಾದಾಗಲೇ ಜಾರುವುದು. ಸಾಣೆಕಲ್ಲಿನ ಮೇಲೆ ಉಳಿ ಮಸೆಯುವುದೂ ಪಾಠದ ಭಾಗವೇ ಆಯಿತು.

ಪರೀಕ್ಷಿಸುವ ಸಾಧನವನ್ನು ಪರೀಕ್ಷಿಸುವುದು

ಕೆಲಸ ಆರಂಭವಾದ ಮೊದಲ ಅವಧಿಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು, 'ಮಿಸ್, ಸರಿ ಇದೆಯಾ?' ಗೆರೆ ಎಳೆದರೆ ಒಮ್ಮೆ, ಕತ್ತರಿಸಿದರೆ ಒಮ್ಮೆ. ಗಣಿತದ ತರಗತಿಯಲ್ಲೂ ನಮಗೆ ಇದೇ ಅಭ್ಯಾಸ. ಮಗು ಲೆಕ್ಕ ಬಿಡಿಸಿ ನಮ್ಮ ಮುಖ ನೋಡುತ್ತದೆ. ಇಲ್ಲಿ ನಾನು ಹೌದು ಅಥವಾ ಇಲ್ಲ ಎಂದು ಹೇಳದೆ, ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿದೆ: 'ಏನು ಇಟ್ಟು ನೋಡಿದೆ?'

ಇಡಬೇಕಾದುದು ಮೂಲೆಮಟ್ಟ. ಆದರೆ ಮೂಲೆಮಟ್ಟವೇ ಸರಿಯಿಲ್ಲದಿದ್ದರೆ? ಅದನ್ನು ಪರೀಕ್ಷಿಸುವ ವಿಧಾನ ಸರಳ. ನೇರ ಅಂಚಿರುವ ಹಲಗೆಗೆ ಮೂಲೆಮಟ್ಟ ಒತ್ತಿ ಒಂದು ಗೆರೆ ಎಳೆಯಿರಿ. ಮೂಲೆಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದೇ ಆದರೆ ಅದು 90 ಡಿಗ್ರಿ. ಬೇರೆಯಾದರೆ ಎರಡು ಗೆರೆಗಳ ನಡುವಿನ ಕೋನ ಮೂಲೆಮಟ್ಟದ ದೋಷದ ಎರಡರಷ್ಟು. ದೋಷ ಇಮ್ಮಡಿಯಾಗಿ ಕಾಣುವುದರಿಂದ ಸಣ್ಣ ದೋಷವೂ ಕಣ್ಣಿಗೆ ಬೀಳುತ್ತದೆ. ಮಕ್ಕಳು ತಂದ ಮೂರು ಮೂಲೆಮಟ್ಟಗಳಲ್ಲಿ ಒಂದು ಹೀಗೆ ಸೋತಿತು. ಅದರ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ಪಕ್ಕಕ್ಕಿಟ್ಟರು. ಆ ದಿನದ ನಂತರ 'ಸರಿ ಇದೆಯಾ' ಎಂಬ ಪ್ರಶ್ನೆ ನಿಧಾನವಾಗಿ ಕಡಿಮೆಯಾಯಿತು.

ಕತ್ತರಿಸುವುದು, ಉಜ್ಜುವುದು

ಉಜ್ಜುಗೊರಡಿಗೆ ನಮ್ಮ ಬಡಗಿಗಳು ಹತ್ತರಿ ಎನ್ನುತ್ತಾರೆ. ಮರದ ಎಳೆ ಯಾವ ಕಡೆ ಮಲಗಿದೆ ಎಂದು ಹಲಗೆಯ ಅಂಚಿನಲ್ಲಿ ನೋಡಿಕೊಂಡು, ಅದೇ ದಿಕ್ಕಿನಲ್ಲಿ ಹತ್ತರಿ ಹೊಡೆಯಬೇಕು. ಎದುರಾದರೆ ಎಳೆ ಕಿತ್ತುಬರುತ್ತದೆ. ಎಳೆಗೆ ಅನುಸಾರವಾಗಿ ಹೋದಾಗ ಸಿಪ್ಪೆ ಸುರುಳಿಯಾಗಿ ಬರುತ್ತದೆ, ಎದುರಾದಾಗ ಪುಡಿಪುಡಿಯಾಗಿ ಬರುತ್ತದೆ, ಸದ್ದೂ ಬೇರೆ. ಇಲ್ಲಿಯೂ ಶಿಕ್ಷಕರು ಹೇಳಬೇಕಾಗಿಲ್ಲ. 1 ಇಂಚಿನ ಹಲಗೆಯನ್ನು 2 ಸೆಂ.ಮೀ. ದಪ್ಪಕ್ಕೂ, 9 ಇಂಚಿನ ಅಗಲವನ್ನು 22 ಸೆಂ.ಮೀ.ಗೂ ತರಲು ಹೆಚ್ಚಿನ ಸಮಯ ಹೋಯಿತು. ಭಾರದ ಕೆಲಸದಲ್ಲಿ ಆಚಾರ್ರ ಕೈ ಹೆಚ್ಚು.

ಗರಗಸ ಹಿಡಿಯುವಾಗ ತೋರುಬೆರಳು ಹಿಡಿಯ ಪಕ್ಕಕ್ಕೆ ಚಾಚಿರಲಿ; ಗರಗಸ ಬೆರಳು ತೋರಿದ ಕಡೆ ಹೋಗುತ್ತದೆ. ಮೊದಲ ಎರಡು ಮೂರು ಸಲ ಹಿಂದಕ್ಕೆ ಮಾತ್ರ ಎಳೆದು ದಾರಿ ಮಾಡಿಕೊಳ್ಳಬೇಕು. ಗೆರೆಯ ಮೇಲೆ ಕತ್ತರಿಸಬಾರದು, ಬಿಟ್ಟುಹೋಗುವ ತುಂಡಿನ ಕಡೆಗೆ ಕತ್ತರಿಸಬೇಕು. ಗೆರೆ ನಮ್ಮ ತುಂಡಿನಲ್ಲಿ ಉಳಿಯಬೇಕು.

ಅಡ್ಡಹಲಗೆಗಳಿಗೆ ಒಂದು ಮುಖ್ಯ ಸೂಚನೆ ಕೊಟ್ಟಿದ್ದೆ: ಮೊದಲನೆಯದನ್ನು ಅಳೆದು ಕತ್ತರಿಸಿ, ಉಳಿದ ಮೂರಕ್ಕೆ ಟೇಪು ಬಳಸದೆ, ಮೊದಲ ಹಲಗೆಯನ್ನೇ ಮೇಲಿಟ್ಟು ಚೂರಿಯಿಂದ ಗುರುತು ಮಾಡಿ. ಮೂರು ಗುಂಪುಗಳ ಹಲಗೆ ಒಂದೇ ಉದ್ದಕ್ಕೆ ಬಂದವು.

1.2 ಸೆಂಟಿಮೀಟರಿನ ಜಗಳ

ಕಚ್ಚು ಕೆತ್ತುವ ಮೊದಲು ನಾಲ್ಕೂ ಅಡ್ಡಹಲಗೆಗಳನ್ನು ನೆಲದ ಮೇಲೆ ಪಕ್ಕಪಕ್ಕಕ್ಕೆ ನಿಲ್ಲಿಸಿ, ಮೇಲ್ತುದಿಯ ಮೇಲೆ ಕೈ ಸವರಿ ನೋಡಲು ಹೇಳಿದೆ. ನಾಲ್ಕನೆಯದು ಕೆಳಗಿತ್ತು. ಆ ಗುಂಪು ಮೊದಲ ಹಲಗೆಯನ್ನು ಮೇಲಿಡುವ ಬದಲು ನಕ್ಷೆ ನೋಡಿ ಟೇಪಿನಿಂದ ಅಳೆದಿತ್ತು, ನಕ್ಷೆಯಲ್ಲಿ ಬರೆದಿದ್ದ ಒಳ ಅಗಲ 70 ಸೆಂ.ಮೀ. ಹಿಡಿದಿತ್ತು. ಉಳಿದ ತುಂಡು 40 ಸೆಂ.ಮೀ.; ಅದರಲ್ಲಿ ಹೊಸ ಹಲಗೆ ಆಗುವುದಿಲ್ಲ.

ತರಗತಿಯಲ್ಲಿ ಗದ್ದಲವೆದ್ದಿತು. ಆ ಗುಂಪಿನ ಆರು ಮಕ್ಕಳು ತಲೆ ತಗ್ಗಿಸಿ ನಿಂತರು. ಪರಿಹಾರಗಳನ್ನು ಕಪ್ಪುಹಲಗೆಯ ಮೇಲೆ ಬರೆಯೋಣ ಎಂದೆ. ಹೊಸ ಹಲಗೆ ಕೊಳ್ಳುವುದು: ಹಣ ಮುಗಿದಿದೆ. ತುದಿಗೆ ಸಣ್ಣ ತುಂಡು ಅಂಟಿಸುವುದು: ಎಳೆ ಕತ್ತರಿಸಿದ ತುದಿಗೆ ತುದಿ ಅಂಟಿಸಿದರೆ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ ಎಂದರು ಆಚಾರ್ರು. ಮೂರನೆಯದು ಒಬ್ಬ ಹುಡುಗಿಯದು: ನಾಲ್ಕನ್ನೂ 70ಕ್ಕೆ ಕತ್ತರಿಸುವುದು.

'ಅವ್ರ್ ತಪ್ಪಿಗೆ ನಾವ್ಯಾಕೆ ಕುಯ್ಬೇಕು ಮಿಸ್? ನಮ್ದು ಕರೆಕ್ಟಾಗಿದೆ' ಎಂದ ಮೊದಲ ಗುಂಪಿನ ಹುಡುಗ. ನ್ಯಾಯವಾದ ಮಾತು. ಮೂರು ದಿನ ಬೆವರು ಸುರಿಸಿ ಸರಿಯಾಗಿ ಮಾಡಿದ ಹಲಗೆ ಅದು. ನಾನು ಕೇಳಿದ್ದು ಒಂದೇ: 'ನಾಲ್ಕೂ 70 ಆದರೆ ಇನ್ನೇನೇನು ಬದಲಾಗುತ್ತದೆ? ಲೆಕ್ಕ ಹಾಕಿ, ಆಮೇಲೆ ಮಾತಾಡೋಣ.'

ಲೆಕ್ಕ ಹೀಗೆ ಬಂತು. ಒಳ ಅಗಲ 70 – 1.2 = 68.8 ಸೆಂ.ಮೀ. ಹೊರ ಅಗಲ 74ರ ಬದಲು 72.8. ಪಕ್ಕದ ಹಲಗೆಗಳಲ್ಲಿ ಏನೂ ಬದಲಾಗುವುದಿಲ್ಲ. ಕಚ್ಚಿನ ಜಾಗ, ಆಳ ಎಲ್ಲ ಅದೇ. ಕಳೆದುಕೊಳ್ಳುವುದು ಮೂರು ಖಾನೆಗೆ ಒಟ್ಟು 3.6 ಸೆಂ.ಮೀ. ಜಾಗ. ಒಬ್ಬಳು ಪುಸ್ತಕಗಳನ್ನು ಜೋಡಿಸಿ ಸ್ಕೇಲಿನಿಂದ ಅಳೆದು, 'ಐದು ಪುಸ್ತಕ ಹೋಗುತ್ತೆ ಅಷ್ಟೆ. ಮೇಲ್ಗಡೆ ಮಲಗಿಸಿ ಇಡಬಹುದು' ಎಂದಳು. ಸ್ವಲ್ಪ ಹೊತ್ತಿನ ನಂತರ ಮೊದಲ ಗುಂಪಿನ ಹುಡುಗ, 'ಸರಿ, ಆದ್ರೆ ನಮ್ ಹಲಗೆ ನಾವೇ ಕುಯ್ಯೋದು' ಎಂದ. ಈ ಸಲ ಟೇಪನ್ನು ಯಾರೂ ಮುಟ್ಟಲಿಲ್ಲ. ಗಿಡ್ಡ ಹಲಗೆಯನ್ನೇ ಮೇಲಿಟ್ಟು ಮೂರಕ್ಕೂ ಗುರುತು ಮಾಡಿದರು.

ಮರಗೆಲಸದ ಒಂದು ಮೂಲ ತತ್ವ ಇಲ್ಲಿ ಮಕ್ಕಳಿಗೆ ಸಿಕ್ಕಿತು. ಅಡ್ಡಹಲಗೆ 71.2 ಇರಲೇಬೇಕು ಎಂದು ಕಪಾಟು ಕೇಳುವುದಿಲ್ಲ. ನಾಲ್ಕೂ ಒಂದಕ್ಕೊಂದು ಸಮವಾಗಿರಬೇಕು ಎಂದು ಮಾತ್ರ ಕೇಳುತ್ತದೆ.

ಕಚ್ಚು

ಕಚ್ಚಿನ ಅಗಲಕ್ಕೂ ಇದೇ ತತ್ವ. ಎರಡು ಪಕ್ಕದ ಹಲಗೆಗಳನ್ನು ಅಂಚಿಗೆ ಅಂಚು ತಾಗಿಸಿ ಮಲಗಿಸಿ, ಮೂಲೆಮಟ್ಟದಿಂದ ಎರಡರ ಮೇಲೂ ಒಂದೇ ಗೆರೆ ಎಳೆದರು. ಎರಡನೆಯ ಗೆರೆಗೆ ಅಡ್ಡಹಲಗೆಯನ್ನೇ ಮೊದಲ ಗೆರೆಗೆ ತಾಗಿಸಿ ನಿಲ್ಲಿಸಿ ಚೂರಿ ಹಾಕಿದರು. ಹತ್ತರಿ ಹೊಡೆದ ಹಲಗೆಗಳ ದಪ್ಪದಲ್ಲಿ ಅರ್ಧ ಮಿ.ಮೀ. ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ ಯಾವ ಹಲಗೆ ಯಾವ ಕಚ್ಚಿಗೆ ಎಂದು 1, 2, 3, 4 ಬರೆದುಕೊಂಡರು.

ಎರಡೂ ಗೆರೆಗಳ ಒಳಬದಿಯಲ್ಲಿ 6 ಮಿ.ಮೀ. ಆಳಕ್ಕೆ ಸಣ್ಣ ಗರಗಸ ಎಳೆದು, ನಡುವಿನ ಮರವನ್ನು ಉಳಿ ಮತ್ತು ಕೊಡತಿಯಿಂದ ತೆಗೆಯಬೇಕು. ಒಂದು ಅಂಚಿನಿಂದ ಅರ್ಧದವರೆಗೆ, ಮತ್ತೆ ಇನ್ನೊಂದು ಅಂಚಿನಿಂದ ಅರ್ಧದವರೆಗೆ. ಒಂದೇ ಕಡೆಯಿಂದ ಪೂರ್ತಿ ಹೊಡೆದರೆ ಆಚೆ ಅಂಚು ಒಡೆಯುತ್ತದೆ. ಆಳ ನೋಡಲು 6 ಮಿ.ಮೀ. ಗುರುತು ಹಾಕಿದ ಒಂದು ಬಿದಿರು ಕಡ್ಡಿ ಸಾಕು. ಪ್ರತಿ ಮಗುವೂ ಮೊದಲು ಉಳಿದ 40 ಸೆಂ.ಮೀ. ತುಂಡಿನಲ್ಲಿ ಅಭ್ಯಾಸ ಮಾಡಿತು. ಹಲಗೆ ಕಚ್ಚಿಗೆ ಕೈಯಿಂದ ಒತ್ತಿದರೆ ಹೋಗಬೇಕು, ಅಲ್ಲಾಡಿಸಿದರೆ ಬೀಳಬಾರದು. ಇದೇ ಅದರ ಪರೀಕ್ಷೆ.

ಕರ್ಣ ಸಮವಾದರೆ ಸಾಕೇ?

ಅಂಟು ಹಚ್ಚಿ ಜೋಡಿಸಿದ ಕಪಾಟು ನಿಂತಿತು, ಆದರೆ ಪಕ್ಕದಿಂದ ನೂಕಿದರೆ ವಾಲುತ್ತಿತ್ತು. ಚತುರ್ಭುಜದ ಬಾಹುಗಳು ಬದಲಾಗದೆ ಕೋನಗಳು ಬದಲಾಗಬಹುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಬೋಧನೋಪಕರಣ ನನಗೆ ಸಿಕ್ಕಿಲ್ಲ. ಆಚಾರ್ರು ಒಂದು ದಾರ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಹಿಡಿದು ಗಂಟು ಹಾಕಿದರು. ಅದೇ ದಾರವನ್ನು ಇನ್ನೊಂದು ಕರ್ಣಕ್ಕೆ ಹಿಡಿದರು. ಗಂಟು ಮೂಲೆಯನ್ನು ಮುಟ್ಟಲಿಲ್ಲ. ಉದ್ದವಿದ್ದ ಕರ್ಣದ ಮೂಲೆಗಳನ್ನು ಒಳಕ್ಕೆ ಒತ್ತಿ, ಮತ್ತೆ ದಾರ ಹಿಡಿದು, ಮೂರನೆಯ ಸಲಕ್ಕೆ ಎರಡೂ ಸಮವಾದವು. ಕೂಡಲೇ ಹಿಂಬದಿಗೆ ಒಂದು ರೀಪರ್, ಅಂದರೆ ಹೆಂಚಿನ ಮಾಡಿಗೆ ಬಳಸುವ ಮರದ ಪಟ್ಟಿಯನ್ನು ಕರ್ಣದ ದಿಕ್ಕಿನಲ್ಲಿ ಇಟ್ಟು ಸ್ಕ್ರೂ ಹಾಕಿದರು. ಚತುರ್ಭುಜ ಎರಡು ತ್ರಿಭುಜವಾಯಿತು. ಮಕ್ಕಳು ಸರದಿಯಲ್ಲಿ ನೂಕಿ ನೋಡಿದರು, ಕಪಾಟು ಅಲುಗಲಿಲ್ಲ.

ಮರುದಿನದ ಗಣಿತದ ಅವಧಿಯಲ್ಲಿ ಇದನ್ನೇ ಮುಂದುವರಿಸಿದೆ. ಕರ್ಣಗಳು ಸಮವಾದ ಕೂಡಲೇ ಆಯತ ಎನ್ನಬಹುದೇ? ಗಿಡ್ಡ ಹಲಗೆಯ ಗುಂಪಿನ ಒಬ್ಬ ಹುಡುಗ ಎದ್ದು ಕಪ್ಪುಹಲಗೆಯಲ್ಲಿ ಮೇಲ್ಭಾಗ ಕಿರಿದು, ಕೆಳಭಾಗ ಅಗಲ ಇರುವ ಆಕೃತಿ ಬರೆದ. 'ನಮ್ ಹಲಗೆ ಹಾಗೇ ಮೇಲ್ಗಡೆ ಹಾಕಿದ್ರೆ ಹೀಗಾಗ್ತಿತ್ತು. ಇಲ್ಲೂ ಕರ್ಣ ಸಮಾನೇ, ಆದ್ರೆ ಆಯತ ಅಲ್ಲ.' ಅದು ಸಮದ್ವಿಬಾಹು ತ್ರಾಪಿಜ್ಯ. ಅಭಿಮುಖ ಬಾಹುಗಳು ಮೊದಲೇ ಸಮವಾಗಿದ್ದರೆ ಮಾತ್ರ ಸಮ ಕರ್ಣಗಳು ಆಯತವನ್ನು ಖಚಿತಪಡಿಸುತ್ತವೆ. ಮೂರು ಗುಂಪುಗಳು ತಮ್ಮ ಹಲಗೆಯನ್ನು ಯಾಕೆ ಕತ್ತರಿಸಬೇಕಾಯಿತು ಎಂಬುದಕ್ಕೆ ಪ್ರಮೇಯದ ಉತ್ತರವೂ ಅದೇ. ಕೊನೆಗೆ 72.8ರ ವರ್ಗ ಮತ್ತು 100ರ ವರ್ಗ ಕೂಡಿಸಿ ವರ್ಗಮೂಲ ತೆಗೆದು, ಕರ್ಣ ಸುಮಾರು 123.7 ಸೆಂ.ಮೀ. ಎಂದು ಕಂಡುಕೊಂಡು, ದಾರವನ್ನು ಅಳೆದು ಹೋಲಿಸಿದರು.

ಉಜ್ಜುಕಾಗದ ಹಾಕಿದ ಮೇಲೆ ಅಗಸೆಬೀಜದ ಎಣ್ಣೆಯನ್ನು ಬಟ್ಟೆಯಿಂದ ಹಚ್ಚಿದೆವು. ಈ ಕೆಲಸ ಮಾಡಿಸುವವರು ಒಂದನ್ನು ನೆನಪಿಡಬೇಕು: ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಬೇಕು.

ಮೌಲ್ಯಮಾಪನ

ಅಂಕ ಕೊಡುವಾಗ ಗಿಡ್ಡ ಹಲಗೆಯ ಗುಂಪಿಗೆ ಏನು ಮಾಡಬೇಕು ಎಂಬ ಪ್ರಶ್ನೆ ಬಂತು. ಅಂತಿಮ ವಸ್ತುವಿಗೆ ಮಾತ್ರ ಅಂಕ ಕೊಟ್ಟರೆ ಎಲ್ಲರಿಗೂ ಒಂದೇ ಅಂಕ. ತಪ್ಪಿಗೆ ಅಂಕ ಕಳೆದರೆ ಮುಂದಿನ ಸಲ ಮಕ್ಕಳು ತಪ್ಪನ್ನು ಮುಚ್ಚಿಡುತ್ತಾರೆ. ಮರದಲ್ಲಿ ಮುಚ್ಚಿಟ್ಟ ತಪ್ಪು ಜೋಡಿಸುವ ದಿನ ಎಲ್ಲರ ಕೆಲಸವನ್ನೂ ಕೆಡಿಸುತ್ತದೆ. ಮಾರ್ಗದರ್ಶಕ ಶಿಕ್ಷಕರೊಂದಿಗೆ ಚರ್ಚಿಸಿ 20 ಅಂಕಗಳನ್ನು ಹೀಗೆ ಹಂಚಿದೆ: ಉಪಕರಣ ಹಿಡಿಯುವ ಕ್ರಮಕ್ಕೆ 5, ಮುಂದಿನ ಹಂತಕ್ಕೆ ಹೋಗುವ ಮೊದಲು ತಾನೇ ಪರೀಕ್ಷಿಸಿದ್ದಕ್ಕೆ 5, ಲೆಕ್ಕ ಮತ್ತು ನಕ್ಷೆಗೆ 5, ತಪ್ಪು ಕಂಡಾಗ ಸರಿಪಡಿಸುವಲ್ಲಿ ಪಾಲ್ಗೊಂಡದ್ದಕ್ಕೆ 5. ಆ ಗುಂಪು ಎರಡನೆಯದರಲ್ಲಿ ಅಂಕ ಕಳೆದುಕೊಂಡಿತು, ಕೊನೆಯದರಲ್ಲಿ ಪೂರ್ತಿ ಪಡೆಯಿತು. ಅಂಕಪಟ್ಟಿ ಓದಿದಾಗ ಯಾರೂ ತಕರಾರು ಮಾಡಲಿಲ್ಲ.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಘಟಕವನ್ನು ಮಾಡುವ ಮಿತ್ರರಿಗೆ ಕೆಲವು ಸಲಹೆಗಳು. 36ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಎರಡು ಕಪಾಟು ಮಾಡಿ, ಉಳಿಯ ಮೇಜುಗಳನ್ನು ಹೆಚ್ಚಿಸಬೇಡಿ. ಊರಿನ ಬಡಗಿಯನ್ನು ಮೊದಲ ದಿನದಿಂದಲೇ ಕರೆಯಿರಿ. ಹಾಜರಿ ಪುಸ್ತಕದಲ್ಲಿ ಅವರಿಗೂ ಸಂಪನ್ಮೂಲ ವ್ಯಕ್ತಿಯ ಸಾಲು ಇರಲಿ, ಅವರ ದಿನಗೂಲಿಯನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿಸಿ. ಅವಧಿ ಮುಗಿಯುವ ಹತ್ತು ನಿಮಿಷ ಮೊದಲು ಉಪಕರಣ ಎಣಿಸಿ ಒಳಗಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮಗು 'ಸರಿ ಇದೆಯಾ' ಎಂದು ಕೇಳಿದಾಗ ಉತ್ತರ ಗೊತ್ತಿದ್ದರೂ ಅದರ ಕೈಗೆ ಮೂಲೆಮಟ್ಟವನ್ನೋ ದಾರವನ್ನೋ ಪಕ್ಕದ ಹಲಗೆಯನ್ನೋ ಕೊಡಿ. ಗಣಿತದ ತರಗತಿಯಲ್ಲೂ ಇದಕ್ಕೆ ಸಮನಾದ ಸಾಧನಗಳಿವೆ: ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡುವುದು, ಅಂದಾಜು ಮಾಡಿ ಹೋಲಿಸುವುದು, ಇನ್ನೊಂದು ದಾರಿಯಿಂದ ಬಿಡಿಸುವುದು. ಈ ಘಟಕದ ನಂತರ ನನ್ನ ಗಣಿತದ ಪಾಠಯೋಜನೆಗಳಲ್ಲಿ 'ಮಕ್ಕಳು ಯಾವುದರಿಂದ ಪರೀಕ್ಷಿಸುತ್ತಾರೆ' ಎಂಬ ಒಂದು ಕಾಲಂ ಸೇರಿಸಿಕೊಂಡಿದ್ದೇನೆ.

ಕಪಾಟು ಈಗ 8ನೇ ತರಗತಿಯ ಕಿಟಕಿಯ ಪಕ್ಕದಲ್ಲಿದೆ. ಬೀರುವಿನಿಂದ ಬಂದ ಪುಸ್ತಕಗಳ ಪಟ್ಟಿಯನ್ನೂ, ಕೊಂಡೊಯ್ದವರ ಹೆಸರು ಬರೆಯುವ ಪುಸ್ತಕವನ್ನೂ ಮಕ್ಕಳೇ ನೋಡಿಕೊಳ್ಳುತ್ತಾರೆ. ಅದಕ್ಕೆ ಬೀಗವಿಲ್ಲ.